ಮುದ್ದೆ ಕಟ್ಟಿದ ಕೈ

ಭೀಮನ ಎಡಗೈಯನ್ನು ಇಬ್ಬರು ಮೇಜಿಗೆ ಅದುಮಿ ಹಿಡಿದಿದ್ದರು. ಕಾಂತರಾಜು ತನ್ನ ಫೋನನ್ನು ಆ ಕೈಯ ಪಕ್ಕದಲ್ಲಿಟ್ಟ. ಪರದೆಯ ಮೇಲಿನ ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ, ಒಮ್ಮೆ ಅದನ್ನು, ಒಮ್ಮೆ ಇದನ್ನು ನೋಡಿದ.

“ಇದೇ ಕಣ್ರಲಾ,” ಎಂದ.

ಹೊಳೆನರಸೀಪುರದ ಬಸ್ ನಿಲ್ದಾಣದ ಎದುರಿನ ಹೋಟೆಲು. ಊಟದ ಹೊತ್ತಿಗೆ ಇನ್ನೂ ಒಂದು ಗಂಟೆಯಿತ್ತು. ಮಾಲೀಕ ಮನೋಹರ ಗಲ್ಲಾದ ಹಿಂದೆ ಕೂತು, ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಪೇಪರು ಓದುತ್ತಿದ್ದ.

ಆ ಚಿತ್ರ ಹತ್ತು ದಿನದಿಂದ ಹಾಸನ ಜಿಲ್ಲೆಯ ನಿದ್ದೆ ಕೆಡಿಸಿತ್ತು. ರಾಗಿ ಹಿಟ್ಟಿನ ಕಂಪನಿಯೊಂದರ ಜಾಹೀರಾತು. ಮಡಚಿದ ಬಿಳಿ ಶರ್ಟಿನ ತೋಳು, ಅದರಿಂದ ಹೊರಬಂದ ಎರಡು ಒರಟು ಕೈ, ಕೈಯೊಳಗೆ ಹಬೆಯಾಡುವ ದುಂಡನೆಯ ಮುದ್ದೆ. ಮುಖವಿಲ್ಲ. ಕೆಳಗೆ ದಪ್ಪ ಅಕ್ಷರದಲ್ಲಿ, ‘ಹೆಂಡತಿಗೆ ಮುದ್ದೆ ಕಟ್ಟಿ ಬಡಿಸುವವನೇ ಗಂಡಸು’.

ಅರಕಲಗೂಡಿನಲ್ಲಿ ಫಲಕಕ್ಕೆ ಸಗಣಿ ಬಿತ್ತು. ಚನ್ನರಾಯಪಟ್ಟಣದಲ್ಲಿ ಹಿಟ್ಟಿನ ಪ್ಯಾಕೆಟ್ಟುಗಳನ್ನು ನಡುರಸ್ತೆಯಲ್ಲಿ ಸುಟ್ಟರು. ಹೊಳೆನರಸೀಪುರದಲ್ಲಿ ಏಜೆನ್ಸಿ ಹಿಡಿದಿದ್ದ ದೊಡ್ಡಯ್ಯ ಸರಕನ್ನೆಲ್ಲ ಗೋದಾಮಿಗೆ ತಳ್ಳಿ ಕೈಮುಗಿದ. ನಾಳೆ ನಮಗೆ ಸೀರೆಯನ್ನೂ ಉಡಿಸುತ್ತಾರೆ ಎಂದು ವಾಟ್ಸಾಪಿನಲ್ಲಿ ಗಂಡಸರು ಕುದಿದರು. ಕುದಿಯುತ್ತಲೇ ಮನೆಗೆ ಹೋಗಿ, ಹೆಂಗಸರು ಕಟ್ಟಿಟ್ಟ ಮುದ್ದೆಯನ್ನು ಸಾರಿಗೆ ಅದ್ದಿ ನುಂಗಿದರು.

ಇವರಿಗೆಲ್ಲ ಮುಂದಾಳು ಕಾಂತರಾಜು. ಆರು ಎಕರೆ ನೀರಾವರಿ, ಸ್ವಂತ ಟ್ರ್ಯಾಕ್ಟರು, ವಯಸ್ಸು ಮೂವತ್ತಾರು, ಮದುವೆ ಇಲ್ಲ. ಕೊನೆಯ ಸಲ ಹೆಣ್ಣು ನೋಡಲು ಹೋದಾಗ ಚನ್ನರಾಯಪಟ್ಟಣದ ಪ್ರತಿಭಾ ಎಂಬ ಹುಡುಗಿ, ಎಲ್ಲರೆದುರೇ, ನಿಮಗೆ ಅಡುಗೆ ಬರುತ್ತದಾ ಎಂದು ಕೇಳಿದ್ದಳು. ಆ ಅವಮಾನ ಅವನೊಳಗೆ ಉರಿಯುತ್ತಲೇ ಇತ್ತು. ಫಲಕ ನೋಡಿದಾಗ ಅವಳೇ ಊರೂರಲ್ಲೂ ಅದನ್ನು ನಿಲ್ಲಿಸಿದ್ದಾಳೆ ಅನ್ನಿಸಿತು.

ಚಿತ್ರ ತೆಗೆದದ್ದು ಗೊರೂರಿನ ಕ್ವಾರ್ಟರ್ಸ್‌ನಲ್ಲಿ ಎಂಬ ಸುಳಿವು ಸಿಕ್ಕಿದ್ದು ತಂಗಿ ಸಿಂಧುವಿನಿಂದ. ಅವಳ ಗಂಡನಿಗೆ ಅಲ್ಲೇ ನೀರಾವರಿ ಇಲಾಖೆಯಲ್ಲಿ ಕೆಲಸ. ಗಲಾಟೆ ಶುರುವಾಗುವ ಮೊದಲೇ ಫೋನು ಮಾಡಿ, “ಕೈ ನಮ್ ಕಡೇದೇ ಕಣಣ್ಣ,” ಎಂದಿದ್ದಳು. ಯಾರದೆಂದು ಕೇಳಿದರೆ ನಕ್ಕು ಫೋನಿಟ್ಟಿದ್ದಳು. ಗಲಾಟೆಯಾದ ಮೇಲೆ ಫೋನು ಎತ್ತುವುದನ್ನೇ ಬಿಟ್ಟಳು.

ಅಂದಿನಿಂದ ಕಾಂತರಾಜು ಸಿಕ್ಕ ಗಂಡಸರ ಕೈಯನ್ನೆಲ್ಲ ನೋಡುತ್ತ ತಿರುಗಿದ. ಚಿತ್ರದ ಎಡ ಹೆಬ್ಬೆರಳ ಬುಡದಲ್ಲಿ ಕುಡುಗೋಲು ತಾಗಿದಂತೆ ಓರೆಯಾದ ಕಲೆಯಿತ್ತು. ಡೈರಿಯಲ್ಲಿ ಹಾಲು ಹಾಕುವವರ ಕೈ ನೋಡಿದ, ಬಸ್ಸಿನ ಕಂಬಿ ಹಿಡಿದವರ ಕೈ ನೋಡಿದ.

ಹೋಟೆಲಿನ ಭೀಮನ ಎಡ ಹೆಬ್ಬೆರಳಲ್ಲೂ ಕಲೆಯಿದೆ ಎಂಬ ಸುದ್ದಿ ತಿಳಿದದ್ದು ಇವತ್ತು ಬೆಳಿಗ್ಗೆ. ಹೊರಡುವ ಮುಂಚೆ ಅವ್ವನ ಹತ್ತಿರ ಹಳೆಯ ಗಾಜಿನ ಬಳೆ ಇದೆಯಾ ಎಂದು ಕೇಳಿದ, ಅವನಿಗೆ ತೊಡಿಸಬೇಕಿತ್ತು. ಅಪ್ಪ ಹೋಗಿ ಎಂಟು ವರ್ಷವಾಯಿತು, ಈ ಮನೆಯಲ್ಲಿ ಬಳೆ ಎಲ್ಲಿಂದ ಬರಬೇಕು ಎಂದಳು ಲಕ್ಕಮ್ಮ. ಆಮೇಲೆ ತಡೆದು ಕೇಳಿದಳು.

“ಆ ಕೈ ಸಿಕ್ರೆ ಏನ್ಲಾ ಮಾಡೀಯೆ?”

“ಮುರೀತೀನಿ.”

ಲಕ್ಕಮ್ಮ ಸೆರಗಿಗೆ ಕೈ ಒರೆಸಿಕೊಂಡು ಒಲೆಯ ಕಡೆ ಹೋದಳು.

ಈಗ ಆ ಕೈ ಮೇಜಿನ ಮೇಲಿತ್ತು. ಹದಿನೆಂಟು ವರ್ಷದಿಂದ ಭೀಮ ಈ ಹೋಟೆಲಿನಲ್ಲಿ ಮುದ್ದೆ ಕಟ್ಟುತ್ತಿದ್ದ. ಅದು ಸಂಬಳದ ಕೆಲಸ. ಅದರಿಂದ ಯಾರ ಗಂಡಸುತನಕ್ಕೂ ಧಕ್ಕೆಯಾಗಿರಲಿಲ್ಲ. ಯುಗಾದಿ ಕಳೆದ ಮೇಲೆ ಲಕ್ಕಮ್ಮ ಹದಿನೈದು ದಿನ ಮಗಳ ಮನೆಗೆ ಹೋಗಿದ್ದಾಗ ಕಾಂತರಾಜು ಎರಡು ಹೊತ್ತೂ ಉಂಡದ್ದು ಇದೇ ಕೈಯ ಮುದ್ದೆಯನ್ನು.

“ಇದು ಹಬೆ ಬಡಿದಿದ್ದು ಸಾ,” ಎಂದ ಭೀಮ. “ನೋಡಿ, ದುಂಡಗೈತೆ. ನಾನು ಗೊರೂರಿಗೆ ಓಗೇ ಇಲ್ಲ.”

ಕಲೆ ದುಂಡಗೇ ಇತ್ತು. ಕಾಂತರಾಜುವಿಗೂ ಕಂಡಿತು. ಆದರೆ ಹತ್ತು ದಿನ ಹುಡುಕಿದ್ದು ಓರೆಯೋ ದುಂಡೋ ಎಂದು ವಾದ ಮಾಡುವುದಕ್ಕಲ್ಲ. ಅಂಗಡಿಯಿಂದ ತಂದಿದ್ದ ಹಸಿರು ಬಳೆಗಳನ್ನು ಆ ಕೈಗೆ ತುರುಕಿದ. ಮೂರನೆಯದು ಒಡೆದು ಚರ್ಮ ಸೀಳಿತು. ಸುತ್ತ ನಿಂತವರು ವಿಡಿಯೋ ಮಾಡಿಕೊಂಡರು. ಇಂಥವನನ್ನು ಇಟ್ಟುಕೊಂಡರೆ ನಾಳೆಯಿಂದ ಇಲ್ಲಿ ಒಬ್ಬನೂ ಉಣ್ಣುವುದಿಲ್ಲ ಎಂದು ಕಾಂತರಾಜು ಗಲ್ಲಾದ ಕಡೆ ತಿರುಗಿ ಹೇಳಿದ.

ಮನೋಹರ ಪೇಪರು ಮಡಚಿದ. ನಾಳೆಯಿಂದ ಬರಬೇಡ ಎಂದು ಭೀಮನಿಗೆ ಹೇಳಿದ, ಅವನ ಮುಖ ನೋಡದೆ.

ಕೊಣನೂರಿನಲ್ಲಿ ಭೀಮನ ಮನೆಯ ನಾಲ್ಕು ಜನ ಈ ಕೆಲಸವನ್ನೇ ನಂಬಿದ್ದರು. ಅವನು ಮೊಳೆಗೆ ತೂಗುಹಾಕಿದ್ದ ಟವೆಲನ್ನು ತೆಗೆದು ಕೈಗೆ ಸುತ್ತಿಕೊಂಡ. ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಅಭ್ಯಾಸಬಲದಿಂದ ಉರಿ ಸಣ್ಣ ಮಾಡಿ, ಹಿಂದಿನ ಬಾಗಿಲಿನಿಂದ ಹೊರಗೆ ಹೋದ.

ಕಾಂತರಾಜು ಗೆದ್ದ ಹಸಿವಿನಲ್ಲಿ ಮನೆಗೆ ಬಂದ. ತಟ್ಟೆಯ ಮುಂದೆ ಕೂತು, ಫೋನನ್ನು ಪಕ್ಕಕ್ಕಿಟ್ಟು, ಎಲ್ಲವನ್ನೂ ಬಿಡಿಸಿ ಹೇಳಿದ. ಬಳೆ ಒಡೆದದ್ದನ್ನು ಎರಡು ಸಲ ಹೇಳಿದ. ಲಕ್ಕಮ್ಮ ಮಣೆಯ ಮೇಲೆ ಮುದ್ದೆ ಹೊರಳಿಸುತ್ತಿದ್ದವಳು ನಿಲ್ಲಿಸಿದಳು.

“ಅವನ ಕೆಲ್ಸ ಓಯ್ತಾ?”

“ಓಯ್ತು. ಕೈ ಉಳೀತಲ್ಲ, ಅಷ್ಟೇ ಪುಣ್ಯ ಅನ್ಕೊಳ್ಲಿ.”

“ಈಗ್ಲೇ ಓಗಿ ಅವನ ಕೆಲ್ಸ ಅವನಿಗೆ ಕೊಡ್ಸಿ ಬಾ. ಆಮೇಲೆ ಉಣ್ಣೀಯಂತೆ.”

ಅವ್ವನಿಗೆ ತಲೆ ಕೆಟ್ಟಿದೆಯಾ ಎಂದು ಕಾಂತರಾಜು ಗೊಣಗಿದ. ಲಕ್ಕಮ್ಮ ಜಗಳಕ್ಕೆ ನಿಲ್ಲಲಿಲ್ಲ. ಅವನ ಎದುರು ಕುಕ್ಕರಗಾಲಲ್ಲಿ ಕೂತಳು. ಫೋನನ್ನು ತನ್ನತ್ತ ಎಳೆದುಕೊಂಡು, ಹಿಟ್ಟು ಮೆತ್ತಿದ ತನ್ನ ಎಡಗೈಯನ್ನು ಆ ಚಿತ್ರದ ಪಕ್ಕದಲ್ಲಿ ಚಾಚಿದಳು.

“ಚಿತ್ರಕ್ಕೆ ಅಂತ ಬಂದಿದ್ದ ನಾಕು ಗಂಡಸ್ರಿಗೂ ಮುದ್ದೆ ದುಂಡಗೆ ಬರ್ನಿಲ್ಲ ಕಣ್ಲಾ ಕಾಂತ, ಬಳೆ ಇಲ್ದಿರೋ ಕೈ ಯಾರ್ದಾದ್ರೂ ಐತಾ ಅಂದ್ರು, ಸಿಂಧು ನನ್ನ ಕರ್ಕೊಂಡೋದ್ಲು.”