ಮೊದಲೇ ಕೊಟ್ಟಿದ್ದ ಬೆರಳಚ್ಚು

ಶಾಲೆಯ ಕೆಲಸಕ್ಕೆ ಬೇಕಾದ ಪೊಲೀಸ್ ತಪಾಸಣೆಯ ಕೌಂಟರಿನಲ್ಲಿ ಪೇಂಟರ್, ಬೆರಳಚ್ಚು ಯಂತ್ರದ ಗಾಜಿನ ಮೇಲೆ ಹೆಬ್ಬೆರಳು ಒತ್ತಿದೊಡನೆ ಕಂಪ್ಯೂಟರ್ ಕೀಂಯ್ ಎಂದಿತು. ಅಲ್ಲಿಯವರೆಗೆ ಪ್ರತಿ ಬೆರಳನ್ನೂ ತಾನೇ ಹಿಡಿದು ಒತ್ತಿಸುತ್ತಿದ್ದ ಗುಮಾಸ್ತೆ, ಬೆಂಕಿ ಮುಟ್ಟಿದವಳಂತೆ ಅವನ ಕೈ ಬಿಟ್ಟಳು. “ನಿಮ್ಮ ಬೆರಳಚ್ಚು ಪೊಲೀಸರ ಹತ್ರ ಮೊದ್ಲೇ ಇದೆಯಲ್ರೀ! ಮಕ್ಕಳಿರೋ ಶಾಲೆಗೆ ಬಣ್ಣ ಹೊಡೆಯೋಕೆ ಹೊರಟಿದ್ದೀರಾ? ಯಾವ ಕೇಸು?”

ಬೆಳಗಿನಿಂದ ಅವನ ಹೆಗಲ ಮೇಲೆ ಕೈಹಾಕಿಕೊಂಡು ಹರಟುತ್ತಿದ್ದ ಬಡಗಿ, ಅಂಟುರೋಗ ಕಂಡವನಂತೆ ಸಾಲಿನಲ್ಲಿ ಹಿಂದೆ ಸರಿದ.

“ನನ್ನ ಮಗಳು ಕಾಣೆಯಾದಾಗ ಕೊಟ್ಟಿದ್ದಮ್ಮ,” ಎಂದ ಪೇಂಟರ್. “ಅವಳ ರೂಮಿನ ಕಿಟಕಿ ಮೇಲೆ ಬೆರಳಿನ ಗುರುತು ಸಿಕ್ಕಿತ್ತು. ನಮ್ದು ಯಾವ್ದು, ಹೊರಗಿನವರದ್ದು ಯಾವ್ದು ಅಂತ ನೋಡೋಕೆ ಮನೆಯವರದ್ದೆಲ್ಲ ತಗೊಂಡ್ರು.” ಗುಮಾಸ್ತೆ ಪರದೆಯನ್ನು ಓದತೊಡಗಿದಳು. ಅವನು ಮೇಜಿನ ಮೇಲೆ ಬಾಗಿದ. “ನನ್ನ ಬೆರಳಚ್ಚನ್ನ ಇನ್ನೂ ಇಟ್ಕೊಂಡಿದ್ದಾರೆ ಅಂದ್ರೆ, ಅವಳನ್ನ ಇನ್ನೂ ಹುಡುಕ್ತಾ ಇದ್ದಾರೆ ಅಂತ ತಾನೇ?”

‘ಬಾಲಕಿ ಪತ್ತೆಯಾಗಿಲ್ಲ. ಕೇಸು ಮುಕ್ತಾಯ’ ಎಂದಿದ್ದ ಪರದೆಯನ್ನು ಗುಮಾಸ್ತೆ ಅವನಿಗೆ ಕಾಣದಂತೆ ತನ್ನ ಕಡೆಗೆ ತಿರುಗಿಸಿಕೊಂಡಳು. ಆಮೇಲೆ, ತಾನು ಬಿಟ್ಟಿದ್ದ ಆ ಹೆಬ್ಬೆರಳನ್ನು ಮತ್ತೆ ಹಿಡಿದುಕೊಂಡು, “ಹೌದಣ್ಣ,” ಎಂದಳು.