ನಾಲ್ಕನೇ ಶಾಲು

ನಾಲ್ಕನೇ ಶಾಲನ್ನು ಕೈಯಲ್ಲಿ ಹಿಡಿದು ವಿಜ್ಞಾನದ ಟೀಚರ್ ಕಸ್ತೂರಬಾಯಿ, ಸನ್ಮಾನ ಸಭೆಯಲ್ಲಿ ಭಾಷಣ ಮಾಡುತ್ತಿದ್ದ ಪಕ್ಷದ ಮುಖಂಡರ ಹಿಂದೆ ನಿಂತಿದ್ದಳು. ಹುಮನಾಬಾದಿನ ಏಪ್ರಿಲ್ ಬಿಸಿಲಿಗೆ ಶಾಮಿಯಾನದ ಆಚೆಯ ರಸ್ತೆ, ಮರ, ಬಸ್ಸು ಎಲ್ಲವೂ ನೀರಿನಲ್ಲಿ ತೇಲಿದಂತೆ ಕಾಣುತ್ತಿದ್ದವು. ಮುಖಂಡರಿಗೆ ಘಾಟಬೋರಾಳದವರು ಹೊದಿಸಿದ ಶಾಲಿನ ಮೇಲೆ ದುಬಲಗುಂಡಿಯವರದು, ಅದರ ಮೇಲೆ ಮನ್ನಾಏಖೇಳ್ಳಿಯವರದು. ಭಾಷಣ ಮುಗಿಯುವ ಮುಂಚೆ ಯಾವುದನ್ನು ತೆಗೆದರೂ ಆ ಊರಿಗೆ ಅವಮಾನ.

"ಭೂಮಿ ಬಿಸಿ ಆಗಾಕತ್ತದ ಅನ್ನೋದು ಶುದ್ಧ ಸುಳ್ಳು," ಎಂದು ಮುಖಂಡರು ಮೈಕಿನಲ್ಲಿ ಗುಡುಗಿದರು. "ಬರೋ ವರ್ಷದಿಂದ ಸಾಲ್ಯಾಗ ಆ ಪಾಠನೇ ಇರಂಗಿಲ್ಲ!"

ಚಪ್ಪಾಳೆ ಬಿತ್ತು. ಮೊದಲ ಸಾಲಿನಲ್ಲಿ ಕಸ್ತೂರಬಾಯಿಯ ಏಳನೇ ಕ್ಲಾಸಿನ ಹುಡುಗಿಯರು ಕೂತಿದ್ದರು. ನಾವು ಬಿಡುವ ಹೊಗೆ ಭೂಮಿಗೆ ಕಂಬಳಿಯ ಮೇಲೆ ಕಂಬಳಿ ಹೊದಿಸಿದಂತೆ ಎಂದು ಅವರಿಗೆ ಹೋದ ವಾರವಷ್ಟೇ ಹೇಳಿಕೊಟ್ಟಿದ್ದಳು. ಈಗ ಅವರ ಮುಖ ನೋಡಲಾರದೆ ಕಣ್ಣು ತಗ್ಗಿಸಿ, ಕನಸಿನಲ್ಲಿದ್ದವಳಂತೆ ತನ್ನ ಕೈಯಲ್ಲಿದ್ದ ಶಾಲನ್ನೂ ಮುಖಂಡರಿಗೆ ಮೆಲ್ಲಗೆ ಹೊದಿಸಿದಳು.

ಮುಖಂಡರು ಬೆವರು ಒರೆಸಿಕೊಳ್ಳುತ್ತ ಅವಳತ್ತ ತಿರುಗಿ ಪಿಸುಗುಟ್ಟಿದರು. ಮೈಕು ಅದನ್ನೂ ಬಿಡದೆ ಊರಿಗೆಲ್ಲ ಕೇಳಿಸಿತು: "ಒಂದು ಶಾಲರೆ ತಗೀರಿ ಟೀಚರ್, ಒಳಗ ಯಾಕ ಇಷ್ಟು ಧಗಿ ಆಗಾಕತ್ತದ?"

ಮೊದಲ ಸಾಲಿನಲ್ಲಿ ಉತ್ತರ ಗೊತ್ತಿದ್ದವರ ಕೈಗಳು ಒಂದೊಂದಾಗಿ ಮೇಲೆದ್ದವು.