ಉದ್ದದ ಕೀರ್ತನೆ

ಲಕ್ವ ಹೊಡೆದು ಮಾತು ನಿಂತುಹೋಗಿದ್ದ ಸಮುವೇಲಪ್ಪನವರಿಗೆ ಹೆಂಡತಿ ಜೀವರತ್ನಮ್ಮ ಬೈಬಲ್ ವಚನಗಳನ್ನು ಬಾಯಿಪಾಠ ಮಾಡಿಸಿಯೇ ಮತ್ತೆ ಮಾತು ಬರಿಸಿದರು ಎಂಬ ಸುದ್ದಿ ಸಭೆಯಲ್ಲೆಲ್ಲ ಹರಡಿತ್ತು. ಭಾನುವಾರದ ಆರಾಧನೆ ಮುಗಿಸಿದ ಪಾದ್ರಿಗಳು ಅದನ್ನು ಕಣ್ಣಾರೆ ನೋಡಬೇಕೆಂದು ಅವರ ಮನೆಗೇ ಬಂದರು.

ಜೀವರತ್ನಮ್ಮ ಗಂಡನ ಪಕ್ಕದಲ್ಲಿ ಕೂತು, "ಹೇಳ್ರೀ" ಎಂದರು. ಸಮುವೇಲಪ್ಪನವರು ಬೆರಳಿಗೆ ವಚನದ ಒಂದು ತುಂಡಿನಂತೆ, ಒಂದೊಂದೇ ಬೆರಳು ಮಡಿಚುತ್ತ, 'ಯೆಹೋವನು ನನಗೆ ಕುರುಬನು' ಎಂಬ ಕೀರ್ತನೆಯನ್ನು ಅಕ್ಷರ ತಪ್ಪದೆ ಒಪ್ಪಿಸಿದರು. ಪಾದ್ರಿಗಳ ಕಣ್ಣು ತುಂಬಿಬಂತು.

"ಹೇಗೆ ಕಲಿಸಿದಿರಮ್ಮ?"

"ಇಡೀ ವಚನ ಒಂದೇ ಸಲ ಹೇಳ್ಕೊಡಲ್ಲ ಅಯ್ಯನೋರೆ. ಬೆಳಿಗ್ಗೆ ತುಂಡು ತುಂಡಾಗಿ ಕಲಿಸ್ತೀನಿ, ಮಧ್ಯಾಹ್ನ ಸೇರಿಸಿ ಕೇಳ್ತೀನಿ. ಮಕ್ಕಳ ಥರ, ಬೆನ್ನು ಹತ್ತಬೇಕು."

"ಇಂಥ ಹೆಂಡತಿ ದೇವರು ಕೊಟ್ಟ ವರ, ಸಮುವೇಲಪ್ಪನವರೇ" ಎಂದ ಪಾದ್ರಿಗಳು ಅದೇ ಹುರುಪಿನಲ್ಲಿ ಆಕೆಯ ಕಡೆ ತಿರುಗಿದರು. "ಇನ್ನು ನೂರಹತ್ತೊಂಬತ್ತನೇ ಕೀರ್ತನೆ ಶುರು ಮಾಡಿಸಿಬಿಡಿ. ಎಲ್ಲಕ್ಕಿಂತ ಉದ್ದದ್ದು. ಕ್ರಿಸ್‌ಮಸ್‌ಗೆ ಸಭೆಯ ಮುಂದೆ ಇವರ ಬಾಯಿಂದಲೇ ಕೇಳೋಣ."

"ಆಗಲಿ ಅಯ್ಯನೋರೆ, ಇವತ್ತಿಂದ್ಲೇ" ಎಂದು ಜೀವರತ್ನಮ್ಮ ಕಾಫಿ ತರಲು ಒಳಗೆ ಹೋದರು.

ಪಾದ್ರಿಗಳು ಪ್ರಾರ್ಥನೆ ಮಾಡಲೆಂದು ಸಮುವೇಲಪ್ಪನವರ ಕೈ ಹಿಡಿದುಕೊಂಡರು. ಮೂಳೆಯ ಮೇಲೆ ಚರ್ಮವಷ್ಟೇ ಉಳಿದಿತ್ತು. ಕಾಯಿಲೆ ಎಷ್ಟು ಇಳಿಸಿಬಿಟ್ಟಿದೆ ಎಂದು ಅವರು ಮರುಗಿದರು.

ಸಮುವೇಲಪ್ಪನವರು ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಅಷ್ಟು ಉದ್ದದ್ದು ಬೇಡ ಅಂತ ಹೇಳಿ ಅಯ್ಯನೋರೆ. ತಪ್ಪಿಲ್ದೆ ಒಪ್ಪಿಸಿದ ದಿನ ಮಾತ್ರ ಅನ್ನ ಹಾಕ್ತಾಳೆ."